ಕರ್ಚಿಕಾಯಿ ಪಲ್ಯ ಬಸುರಿಗೆ ಆಗುತ್ತಾ? ಅದರ ಗಡ್ಡೆಯ ಪುಡಿ ಸಕ್ಕರೆ ಕಾಯಿಲೆಗೆ ಮದ್ದಾ?

ಪ್ರಶ್ನೆ: "ಮೇಡಂ, ನನ್ನ ತವರು ಶಿವಮೊಗ್ಗ ಕಡೆ. ಮದುವೆಯಾಗಿ ಕುಷ್ಟಗಿ ಹತ್ತಿರದ ಒಂದು ಹಳ್ಳಿಗೆ ಬಂದಿದ್ದೇನೆ. ಈಗ ನನಗೆ ಐದು ತಿಂಗಳು. ಶ್ರಾವಣ ಶುರುವಾದಾಗಿನಿಂದ ಅತ್ತೆ ಹೊಲದಿಂದ ಉಡಿ ತುಂಬ ಕರ್ಚಿಕಾಯಿ ತರುತ್ತಾರೆ. ವಾರಕ್ಕೆ ಎರಡು ಸಲ ಪಲ್ಯ ಆಗುತ್ತೆ. ಬಸುರಿಗೆ ಸಕ್ಕರೆ ಬರಬಾರದು ಅಂತ ನನಗೂ ಬಡಿಸುತ್ತಾರೆ. ನಾನೂ ಇಷ್ಟಪಟ್ಟು ತಿಂದೆ. ಮೊನ್ನೆ ಪಕ್ಕದ ಮನೆಯ ದೊಡ್ಡವ್ವ ನೋಡಿ, 'ಅಯ್ಯ, ಬಸುರಿಗೆ ಕರ್ಚಿಕಾಯಿ ಕೊಡ್ತೀರೇನ? ಬಸುರು ಇಳಿದು ಹೋಗ್ತದ' ಅಂದರು. ಅವತ್ತಿನಿಂದ ನನಗೆ ನಿದ್ದೆ ಇಲ್ಲ. ಅತ್ತೆಯ ಮುಖವೂ ಸಣ್ಣಗಾಗಿದೆ. ಇನ್ನೊಂದು ವಿಷಯ. ಮಾವನಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಸಂತೆಯಲ್ಲಿ ಯಾರೋ ಕರ್ಚಿಕಾಯಿ ಗಡ್ಡೆಯ ಪುಡಿ ಕೊಟ್ಟಿದ್ದಾರೆ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಅದನ್ನು ಕುಡಿಯುತ್ತಾರೆ. ಗುಳಿಗೆ ಒಂದು ದಿನ ತಗೊಂಡರೆ ಒಂದು ದಿನ ಇಲ್ಲ. ನಮ್ಮ ಹೊಲದ ಪಕ್ಕ ಹತ್ತಿ ಹೊಲ ಇದೆ, ಎಣ್ಣೆ (ಕೀಟನಾಶಕ) ಹೊಡೆಯುತ್ತಾರೆ. ಅತ್ತೆ ಅದೇ ಬದುವಿನಲ್ಲಿ ಕಾಯಿ ಬಿಡಿಸುತ್ತಾರೆ. ತಂದ ಕಾಯಿ ಮರುದಿನ ಒಡೆದುಕೊಳ್ಳುತ್ತದೆ, ಅದು ಕೆಟ್ಟಿದ್ದಾ? ಇದರಲ್ಲಿ ಯಾವುದು ನಿಜ, ಯಾವುದು ಸುಳ್ಳು ಹೇಳಿ."

ಉತ್ತರ: ತಂಗಿ, ಮೊದಲು ನಿಶ್ಚಿಂತೆಯಿಂದ ನಿದ್ದೆ ಮಾಡಿ. ನೀವು ತಿಂದದ್ದು ರೊಟ್ಟಿಯ ಜೊತೆ ನಾಲ್ಕು ತುತ್ತು ಕಾಯಿಪಲ್ಯ. ನಿಮ್ಮ ಕಡೆಯ ಹಳ್ಳಿಗಳಲ್ಲಿ ಬಸುರಿ ಬಾಣಂತಿಯರ ಊಟದ ವಿಷಯವೇ ನನ್ನ ಕೆಲಸ. ಅಡುಗೆ ಮಾಡಿದ ಕರ್ಚಿಕಾಯಿ ತಿಂದು ಗರ್ಭ ಹೋದದ್ದನ್ನು ನಾನು ನೋಡಿಲ್ಲ. ಅತ್ತೆಗೂ ಇದನ್ನು ಓದಿ ಹೇಳಿ. ಅವರು ಕೆಟ್ಟದ್ದೇನೂ ಮಾಡಿಲ್ಲ. ಹೊಟ್ಟೆ ಹಿಂಡಿದಂಥ ನೋವು ಅಥವಾ ರಕ್ತ ಕಂಡರೆ ಮಾತ್ರ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಆ ಮಾತು ಕರ್ಚಿಕಾಯಿ ತಿಂದವರಿಗೂ ತಿನ್ನದವರಿಗೂ ಒಂದೇ.

ನಿಮ್ಮ ಪತ್ರದಲ್ಲಿ ನನಗೆ ಆತಂಕ ತಂದದ್ದು ಎರಡು ವಿಷಯ. ಒಂದು ಮಾವನವರ ಪುಡಿ, ಇನ್ನೊಂದು ಆ ಹತ್ತಿ ಹೊಲದ ಬದು. ಅವುಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಅದಕ್ಕೂ ಮೊದಲು ದೊಡ್ಡವ್ವನ ಮಾತು ಎಲ್ಲಿಂದ ಬಂತು ನೋಡೋಣ. ಅದು ಪೂರ್ತಿ ಸುಳ್ಳಲ್ಲ.

ಕರ್ಚಿಕಾಯಿ ಅಂದರೆ ಹಬ್ಬಕ್ಕೆ ಕರಿಯುವ ಸಿಹಿ ನೆನಪಾಗುವ ಓದುಗರೂ ಇರುತ್ತಾರೆ. ಇಲ್ಲಿ ಹೇಳುತ್ತಿರುವುದು ಹೊಲದ ಬಳ್ಳಿಯ ಕಾಯಿ. ಹಾಗಲ, ಮಡಹಾಗಲದ ಕುಟುಂಬದ್ದೇ. ಹೆಬ್ಬೆರಳ ತುದಿಯಷ್ಟು ದೊಡ್ಡದು, ಮೈಮೇಲೆ ಎದ್ದು ಕಾಣುವ ಗೆರೆಗಳು, ಉದ್ದನೆಯ ತೊಟ್ಟು. ಯಾರೂ ಬಿತ್ತುವುದಿಲ್ಲ. ಎರೆ (ಕಪ್ಪು ಮಣ್ಣಿನ) ಹೊಲದ ಒಳಗೆ ಗಡ್ಡೆ ಬೇಸಿಗೆಯೆಲ್ಲ ಸುಮ್ನೆ ಮಲಗಿರುತ್ತದೆ. ಮಿರಗದ (ಮೃಗಶಿರ) ಮಳೆ ಬಿದ್ದರೆ ಬಳ್ಳಿ ಏಳುತ್ತದೆ, ಶ್ರಾವಣಕ್ಕೆ ಕಾಯಿ ಹಿಡಿಯುತ್ತದೆ. ಚಳಿಗಾಲದಲ್ಲಿ ಬಳ್ಳಿ ಒಣಗಿ ಹೋಗುತ್ತದೆ, ಗಡ್ಡೆ ಮಾತ್ರ ಮುಂದಿನ ಮಳೆಗೆ ಕಾಯುತ್ತದೆ. ಜೋಳ, ಕಡಲೆಯಂಥ ಹಿಂಗಾರಿ ಬೆಳೆಗೆ ಅಂತ ಖಾಲಿ ಬಿಟ್ಟ ಹೊಲದಲ್ಲಿ ಮೊದಲೆಲ್ಲ ಇದು ಹೇರಳವಾಗಿ ಹಬ್ಬುತ್ತಿತ್ತು. ಕುಂಟೆ ಹೊಡೆದು ಹರಗಿದರೆ ಬಳ್ಳಿ ಹರಿಯುತ್ತದೆ, ಕೆಳಗಿನ ಗಡ್ಡೆ ಉಳಿಯುತ್ತದೆ. ಮತ್ತೊಂದು ಮಳೆಗೆ ಮತ್ತೆ ಚಿಗುರು.

ಈ ಗಡ್ಡೆಯೇ ದೊಡ್ಡವ್ವನ ಮಾತಿನ ಮೂಲ. ಬೇಡದ ಬಸಿರು ಇಳಿಸಲು ಇದರ ಗಡ್ಡೆ, ಬೇರನ್ನು ಬಳಸುವ ರೂಢಿ ಹಿಂದಿನಿಂದ ಇತ್ತು. ವಿಜ್ಞಾನಿಗಳು ಬೇರಿನ ಸಾರವನ್ನು ಇಲಿಗಳ ಮೇಲೆ ಪ್ರಯೋಗಿಸಿದಾಗಲೂ ಗರ್ಭ ನಿಲ್ಲದಂತೆ ಮಾಡುವ ಗುಣ ಕಂಡುಬಂದಿದೆ. ಅಂದರೆ ಹಳೆಯ ಹೆಂಗಸರಿಗೆ ಗೊತ್ತಿದ್ದದ್ದು ನಿಜವೇ. ಆದರೆ ಇಂಥ ವಿಷಯವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ ಅಲ್ವಾ? 'ಗಡ್ಡೆ ಬೇಡ' ಎಂಬ ಎಚ್ಚರಿಕೆ ಪಿಸುಮಾತಿನಲ್ಲಿ ಸಾಗುತ್ತಾ 'ಕರ್ಚಿಕಾಯಿಯೇ ಬೇಡ' ಅಂತ ಆಗಿದೆ ಎಂದು ನನಗೆ ಅನಿಸುತ್ತದೆ. ದೊಡ್ಡವ್ವ ಹೇಳಿದ್ದು ನಿಮ್ಮ ಮೇಲಿನ ಕಾಳಜಿಗೆ. ಅವರ ಮೇಲೆ ಸಿಟ್ಟಾಗಬೇಡಿ.

ಹಾಗಾದರೆ ಇನ್ನು ಮುಂದೆ ಪಲ್ಯ ತಿನ್ನಬಹುದಾ? ನನ್ನ ಸಲಹೆ ಇಷ್ಟೇ. ತಿಂದದ್ದಕ್ಕೆ ಹೆದರಬೇಡಿ, ಆದರೆ ಹೆರಿಗೆ ಆಗುವವರೆಗೆ ಬಿಟ್ಟುಬಿಡಿ. ಕಾಯಿ ಮತ್ತು ಗಡ್ಡೆ ಒಂದೇ ಬಳ್ಳಿಯವು. ಬಸುರಿಯರ ಮೇಲೆ ಕಾಯಿಯ ಪರೀಕ್ಷೆ ಯಾರೂ ಮಾಡಿಲ್ಲ, ಮಾಡುವುದೂ ಸರಿಯಲ್ಲ. ಬೇರೆ ಹತ್ತಾರು ತರಕಾರಿ ಇರುವಾಗ ಈ ಒಂದನ್ನು ಬಿಟ್ಟರೆ ನಿಮಗಾಗಲಿ ಮಗುವಿಗಾಗಲಿ ಏನೂ ಕಡಿಮೆಯಾಗುವುದಿಲ್ಲ. ಯಾರದೋ ಮನೆಯಲ್ಲಿ ಬಡಿಸಿದರು, ಎರಡು ತುತ್ತು ತಿಂದಿರಿ ಅಂದುಕೊಳ್ಳಿ. ಅದಕ್ಕೆ ಅಳುತ್ತಾ ಕೂರಬೇಡಿ. ಗಡ್ಡೆ, ಗಡ್ಡೆಯ ಪುಡಿ, ಕಷಾಯ ಮಾತ್ರ ಹನಿಯಷ್ಟೂ ಬೇಡ. ಮಾವನವರ ಪುಡಿಯ ಡಬ್ಬಿ ಅಡುಗೆ ಮನೆಯಲ್ಲಿ ಇದ್ದರೆ ಇವತ್ತೇ ಹೊರಗೆ ಹಾಕಿಸಿ.

ಬಸುರಿಗೆ ಸಕ್ಕರೆ ಬರಬಾರದು ಎಂದು ಅತ್ತೆ ಯೋಚಿಸಿದ್ದು ಒಳ್ಳೆಯದೇ. ಆದರೆ ಯಾವ ಕಹಿ ಕಾಯಿ ತಿಂದರೂ ಅದನ್ನು ತಡೆಯುವ ಖಾತ್ರಿ ಇಲ್ಲ. ಬಂದಿದೆಯಾ ಇಲ್ಲವಾ ಎಂದು ತಿಳಿಯಲು 24ರಿಂದ 28ನೇ ವಾರದ ಒಳಗೆ ಗ್ಲುಕೋಸ್ ಕುಡಿಸಿ ರಕ್ತ ಪರೀಕ್ಷೆ ಮಾಡುತ್ತಾರೆ. ನಿಮಗೆ ಆ ಸಮಯ ಹತ್ತಿರ ಬಂದಿದೆ. ಆಶಾ ಕಾರ್ಯಕರ್ತೆಗೆ ನೆನಪಿಸಿ. ಕಬ್ಬಿಣದ ಗುಳಿಗೆಯನ್ನೂ ಬಿಡಬೇಡಿ. ಊಟ ಆದ ಕೂಡಲೇ ಚಹಾ ಕುಡಿಯಬೇಡಿ, ಕಬ್ಬಿಣ ಮೈಗೆ ಹತ್ತುವುದಿಲ್ಲ.

ಈಗ ಮಾವನವರ ವಿಷಯ.

ಕರ್ಚಿಕಾಯಿಗೂ ಸಕ್ಕರೆ ಕಾಯಿಲೆಗೂ ಸಂಬಂಧ ಇದೆ ಎಂಬುದು ಬರೀ ಸಂತೆಯ ಮಾತಲ್ಲ. ಕಾಯಿಯ ಸಾರ ಕೊಟ್ಟಾಗ ಸಕ್ಕರೆ ಕಾಯಿಲೆ ಇರುವ ಇಲಿಗಳ ರಕ್ತದಲ್ಲಿ ಸಕ್ಕರೆ ಇಳಿದದ್ದು ಪ್ರಯೋಗಗಳಲ್ಲಿ ಕಂಡಿದೆ. ಇಲಿಗೆ ಲೆಕ್ಕ ಹಾಕಿ ಕೊಟ್ಟ ಸಾರ ಬೇರೆ, ಸಂತೆಯಲ್ಲಿ ಪೊಟ್ಟಣ ಕಟ್ಟಿ ಕೊಟ್ಟ ಪುಡಿ ಬೇರೆ. ಆ ಪುಡಿಯಲ್ಲಿ ಯಾವ ಗಡ್ಡೆ ಇದೆ, ಎಷ್ಟಿದೆ, ಇನ್ನೇನು ಬೆರೆಸಿದ್ದಾರೆ ಎಂದು ಹೇಳುವವರು ಯಾರು? ನಾಟಿ ಪುಡಿ ಅಂತ ಮಾರುವ ಕೆಲವದರಲ್ಲಿ ಇಂಗ್ಲಿಷ್ ಗುಳಿಗೆಯನ್ನೇ ಅರೆದು ಸೇರಿಸಿರುವುದೂ ಉಂಟು.

ಇದಕ್ಕಿಂತ ದೊಡ್ಡ ಅಪಾಯ ಗುಳಿಗೆ ಒಂದು ದಿನ ಬಿಟ್ಟು ಒಂದು ದಿನ ತಗೊಳ್ಳುವುದು. ಗುಳಿಗೆ ಬಿಟ್ಟ ದಿನ ಸಕ್ಕರೆ ಏರುತ್ತದೆ. ಏರಿದ್ದು ಗೊತ್ತಾಗುವುದಿಲ್ಲ, ನೋವಿರುವುದಿಲ್ಲ. ಒಳಗೆ ಕಣ್ಣು, ಮೂತ್ರಪಿಂಡ, ಕಾಲಿನ ನರ ಹಾಳಾಗುತ್ತಾ ಹೋಗುತ್ತವೆ. ಗುಳಿಗೆ ತಗೊಂಡ ದಿನ ಖಾಲಿ ಹೊಟ್ಟೆಗೆ ಪುಡಿಯೂ ಸೇರಿದರೆ ಸಕ್ಕರೆ ಒಮ್ಮೆಲೇ ಕೆಳಗೆ ಬೀಳಬಹುದು. ಗ್ಲಿಮಿಪಿರೈಡ್‌ನಂಥ ಗುಳಿಗೆ ಅಥವಾ ಇನ್ಸುಲಿನ್ ತಗೊಳ್ಳುವವರಿಗೆ ಈ ಭಯ ಜಾಸ್ತಿ. ಮಾವನವರ ಗುಳಿಗೆ ಪಟ್ಟಿಯ ಮೇಲೆ ಏನು ಬರೆದಿದೆ ನೋಡಿ.

ಮೈ ಬೆವರಿ, ಕೈ ನಡುಗಿ, ವಿಪರೀತ ಹಸಿವಾಗಿ, ಮಾತು ತಡವರಿಸಿದರೆ ಸಕ್ಕರೆ ಬಿದ್ದಿದೆ ಎಂದು ತಿಳಿಯಿರಿ. ಎಚ್ಚರ ಇದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿಗೆ ಹಾಕಿ ತಕ್ಷಣ ಕುಡಿಸಿ. ಹದಿನೈದು ನಿಮಿಷದಲ್ಲಿ ಸುಧಾರಿಸದಿದ್ದರೆ ಇನ್ನೊಮ್ಮೆ ಕೊಟ್ಟು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕಬೇಡಿ, ಶ್ವಾಸನಾಳಕ್ಕೆ ಹೋಗುತ್ತದೆ. 108ಕ್ಕೆ ಕರೆ ಮಾಡಿ.

ಹೊಲದಲ್ಲಿ ದುಡಿಯುವ ಹಿರಿಯರಿಗೆ 'ಅದೆಲ್ಲ ಮೂಢನಂಬಿಕೆ' ಅಂದರೆ ಬೇಸರವಾಗುತ್ತದೆ. ಸೊಸೆಯ ಬಾಯಲ್ಲಿ ಅಂತೂ ಬೇಡವೇ ಬೇಡ. ನಾನು ಸಾಮಾನ್ಯವಾಗಿ ಹೀಗೆ ಹೇಳುತ್ತೇನೆ: "ಕಾಕಾ, ಕಾಯಿ ಊಟಕ್ಕೆ ಇರಲಿ, ಗುಳಿಗೆ ಕಾಯಿಲೆಗೆ ಇರಲಿ, ಗಡ್ಡೆ ಹೊಲದಲ್ಲೇ ಇರಲಿ." ನಿಮ್ಮ ಯಜಮಾನರಿಂದ ಹೇಳಿಸಿ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆ ಈಗೊಮ್ಮೆ ಮಾಡಿಸಿ. ಪುಡಿ ನಿಲ್ಲಿಸಿ, ಗುಳಿಗೆ ದಿನವೂ ತಗೊಂಡು, ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಿ. ಎರಡು ಅಂಕಿ ಕಣ್ಣ ಮುಂದೆ ಇದ್ದರೆ ವಾದ ಬೇಕಾಗುವುದಿಲ್ಲ. ಪಲ್ಯವನ್ನು ಅವರು ಧಾರಾಳವಾಗಿ ತಿನ್ನಲಿ. ನಾರು ಇದೆ, ಹಿಟ್ಟಿನಂಶ ಕಡಿಮೆ. ಬೆಲ್ಲ ಮಾತ್ರ ಹಾಕಬೇಡಿ.

ಕಹಿ ಇದ್ದಷ್ಟೂ ಸಕ್ಕರೆ ಇಳಿಯುತ್ತದೆ ಅಂತ ನಂಬಿ ಎಲ್ಲ ಕಹಿ ಕಾಯಿಯ ರಸವನ್ನೂ ಕುಡಿಯುವವರಿದ್ದಾರೆ. ಇದು ದೊಡ್ಡ ತಪ್ಪು. ಕರ್ಚಿಕಾಯಿ, ಹಾಗಲಕ್ಕೆ ಕಹಿ ಸಹಜ. ಸೋರೆಕಾಯಿ ಕಹಿಯಾಗಿದ್ದರೆ ಅದು ವಿಷ. 2010ರಲ್ಲಿ ದೆಹಲಿಯಲ್ಲಿ ವಿಜ್ಞಾನಿಯೊಬ್ಬರು ಕಹಿ ಸೋರೆಕಾಯಿ ರಸ ಕುಡಿದು ತೀರಿಕೊಂಡರು. ಆಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ತಜ್ಞರ ಸಮಿತಿ ಕಹಿ ಸೋರೆಕಾಯಿ ರಸ ಕುಡಿಯಬೇಡಿ ಎಂದೇ ಹೇಳಿತು. ಹೊಲದ ಬದುವಿನಲ್ಲೂ ಇಂಥ ಕಾಯಿಗಳಿವೆ. ಹಾವುಮೆಕ್ಕೆ ಚಿಕ್ಕ ಕಲ್ಲಂಗಡಿ ಹಾಗೆ ಗುಂಡಗೆ ಇರುತ್ತದೆ, ಒಂದು ಚೂರು ತಿಂದರೂ ರಕ್ತಭೇದಿ ಆಗಬಹುದು. ಲಿಂಗತೊಂಡೆ ಕಾಯಿಯ ಮೇಲೆ ಬಿಳಿ ಪಟ್ಟೆ, ಹಣ್ಣಾದರೆ ಕೆಂಪು. ಮಕ್ಕಳು ಚಂದ ಅಂತ ಬಾಯಿಗೆ ಹಾಕಿಕೊಳ್ಳುತ್ತಾರೆ. ನಿಮ್ಮ ಅತ್ತೆಯ ಕಣ್ಣು ಇದರಲ್ಲಿ ಮೋಸ ಹೋಗುವುದಿಲ್ಲ. ನೀವು ಹೊಸಬರು, ಅವರ ಜೊತೆ ಹೋಗಿ ಕಲಿಯುವ ತನಕ ಒಬ್ಬರೇ ಬಿಡಿಸಬೇಡಿ.

ಹತ್ತಿ ಹೊಲದ ಪ್ರಶ್ನೆಗೆ ಬರುತ್ತೇನೆ. ಇದರ ಬಗ್ಗೆ ಯಾರೂ ಕೇಳುವುದಿಲ್ಲ. ನೀವು ಕೇಳಿದ್ದು ನನಗೆ ನಿಜವಾಗಿ ಸಂತೋಷ ತಂದಿದೆ.

ಹೊಲದಲ್ಲಿ ತಾನಾಗಿ ಬೆಳೆದದ್ದು ಅಂದರೆ ಶುದ್ಧ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ. ನಮ್ಮ ಅಜ್ಜಿಯರ ಕಾಲಕ್ಕೆ ಅದು ನಿಜವಾಗಿತ್ತು. ಈಗ ಬದುವಿನ ಬಳ್ಳಿ ಪಕ್ಕದ ಬೆಳೆಗೆ ಹೊಡೆದದ್ದನ್ನೆಲ್ಲ ಕುಡಿಯುತ್ತದೆ. ಹತ್ತಿಗೆ ಹೊಡೆಯುವ ಎಣ್ಣೆಗಳಲ್ಲಿ ಹಲವು ಗಿಡದ ಒಳಗೇ ಇಳಿಯುವಂಥವು. ಎಲೆ, ಕಾಂಡ, ಕಾಯಿಯ ರಸದಲ್ಲೇ ಓಡಾಡುತ್ತವೆ. ಉಪ್ಪು ನೀರಿನಲ್ಲಿ ನೆನೆಸಿ, ಹತ್ತು ಸಲ ತೊಳೆದರೂ ಒಳಗಿನದು ಹೋಗುವುದಿಲ್ಲ. ಮೊನೊಕ್ರೊಟೊಫಾಸ್ ಎಂಬ ಕೀಟನಾಶಕವನ್ನು ತರಕಾರಿಗೆ ಹೊಡೆಯಬಾರದು ಎಂದು 2005ರಲ್ಲೇ ಸರ್ಕಾರ ನಿಷೇಧಿಸಿತು. ಹತ್ತಿಗೆ ಹೊಡೆಯುವುದು ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು. ಹತ್ತಿ ಸಾಲಿನ ನಡುವಿನ ಕರ್ಚಿಕಾಯಿ ತರಕಾರಿಯೇ ಅಲ್ವಾ? ಅದನ್ನು ಯಾವ ನಿಯಮವೂ ಲೆಕ್ಕಕ್ಕೆ ತಗೊಂಡಿಲ್ಲ. ಕಳೆನಾಶಕದ ಕಥೆಯೂ ಇದೇ. ಹೊಡೆದು ಎರಡು ಮೂರು ದಿನ ಬಳ್ಳಿ ಹಸಿರಾಗಿಯೇ ಕಾಣುತ್ತದೆ. ಬಿಡಿಸುವವರಿಗೆ ಸುಳಿವೇ ಸಿಗುವುದಿಲ್ಲ.

ಇದು ಬಸುರಿಗೆ, ಮಕ್ಕಳಿಗೆ ಕರ್ಚಿಕಾಯಿಯ ಗುಣಕ್ಕಿಂತ ಎಷ್ಟೋ ಪಾಲು ದೊಡ್ಡ ಅಪಾಯ. ಹಾಗಾಗಿ ಆ ಬದುವಿನ ಕಾಯಿ ಮನೆಯಲ್ಲಿ ಯಾರಿಗೂ ಬೇಡ. ಊರಿನಲ್ಲಿ ಎಲ್ಲಿ ಎಣ್ಣೆ ಹೊಡೆಯುವುದಿಲ್ಲ ಎಂದು ಅತ್ತೆಗೆ ಗೊತ್ತಿರುತ್ತದೆ. ಹಿಂಗಾರಿಗೆ ಬಿಟ್ಟ ಖಾಲಿ ಹೊಲ, ಮಳೆಯನ್ನೇ ನಂಬಿದ ಹೆಸರು, ಸಜ್ಜೆ ಹೊಲ, ನಿಮ್ಮದೇ ಹೊಲದ ಒಳಭಾಗ, ಇಂಥ ಕಡೆ ಬಿಡಿಸಲಿ. ಪಕ್ಕದ ಹೊಲದವರನ್ನು ಯಾವಾಗ ಹೊಡೆದಿರಿ ಅಂತ ಕೇಳುವುದರಲ್ಲಿ ನಾಚಿಕೆ ಬೇಡ. ಸಂತೆಯಲ್ಲಿ ಕೊಳ್ಳುವಾಗಲೂ ಯಾವ ಕಡೆಯ ಕಾಯಿ ಅಂತ ಕೇಳಿ. ಅತ್ತೆಗೂ ಒಂದು ಮಾತು ಹೇಳಿ. ಎಣ್ಣೆ ಹೊಡೆದ ಹೊಲದಲ್ಲಿ ಉಡಿ ಕಟ್ಟಿಕೊಂಡು ಬಿಡಿಸಿದರೆ ಅದೇ ಸೀರೆಯಿಂದ ಮೈಗೂ ಹತ್ತುತ್ತದೆ.

ಕರ್ಚಿಕಾಯಿ ಈಗ ಕಡಿಮೆಯಾಗಿರುವುದಕ್ಕೂ ಬೇಸಾಯ ಹೀಗೆ ಬದಲಾದದ್ದಕ್ಕೂ ಸಂಬಂಧ ಇದೆ. ತುಂಗಭದ್ರಾ ಅಣೆಕಟ್ಟಿನ ಕೆಲಸ 1945ರಲ್ಲಿ ಶುರುವಾಗಿ 1953ರಲ್ಲಿ ಕಾಲುವೆಗೆ ನೀರು ಬಂತು. ಗಂಗಾವತಿ, ಸಿಂಧನೂರು, ಮಾನ್ವಿ, ಸಿರುಗುಪ್ಪ ಕಡೆಯ ಎರೆ ಹೊಲಗಳು ಭತ್ತದ ಗದ್ದೆಗಳಾದವು. ಅನ್ನ ಸಿಕ್ಕಿತು, ಅದನ್ನು ಸಣ್ಣದೆಂದು ನಾನು ಹೇಳುವುದಿಲ್ಲ. 1876ರಿಂದ 78ರ ಬರದಲ್ಲಿ ಬಳ್ಳಾರಿ ಜಿಲ್ಲೆ ಎಷ್ಟು ಜನರನ್ನು ಕಳೆದುಕೊಂಡಿತು ಎಂದು ಓದಿದವರಿಗೆ ಕಾಲುವೆಯ ಬೆಲೆ ಗೊತ್ತು. ಆದರೆ ನೀರು ನಿಲ್ಲುವ ಕೆಸರಿನಲ್ಲಿ ಈ ಗಡ್ಡೆ ಉಳಿಯುವುದಿಲ್ಲ. ಒಣಬೇಸಾಯ ಇರುವ ಕುಷ್ಟಗಿ, ಯಲಬುರ್ಗಾ, ಲಿಂಗಸುಗೂರು, ಮಸ್ಕಿ ಕಡೆ ಇನ್ನೂ ಉಳಿದಿದೆ. ಅಲ್ಲೂ ಟ್ರ್ಯಾಕ್ಟರ್ ಆಳಕ್ಕೆ ಉತ್ತರೆ ಗಡ್ಡೆ ಮೇಲೆ ಬಂದು ಬಿಸಿಲಿಗೆ ಒಣಗುತ್ತದೆ. ಅದರ ಮೇಲೆ ಪುಡಿ ಮಾರುವವರು ಅಗೆದು ಒಯ್ದರೆ ಮುಂದಿನ ಶ್ರಾವಣಕ್ಕೆ ಏನು ಉಳಿಯುತ್ತದೆ?

ಬರ ಬಂದಾಗ ಜನ ಹೊಲದ ಸೊಪ್ಪು, ಕಾಯಿ ತಿಂದು ಜೀವ ಹಿಡಿದರು. ಆ ನೆನಪಿಗೆ ಇವನ್ನು ಬಡವರ ಪಲ್ಯ ಅಂತ ಕೀಳಾಗಿ ನೋಡುವ ಅಭ್ಯಾಸ ಬಂತು. ನನಗೆ ಇದು ಒಪ್ಪಿಗೆ ಇಲ್ಲ. ನಿಮ್ಮ ಅತ್ತೆಯಂಥವರಿಗೆ ಹೊಲವೆಂದರೆ ವರ್ಷವಿಡೀ ಒಂದಲ್ಲ ಒಂದು ಕೊಡುವ ಜಾಗ. ಮಿರಗ ಕಳೆದರೆ ಅಣ್ಣೆಸೊಪ್ಪು, ಗೋಳಿಸೊಪ್ಪು. ಶ್ರಾವಣಕ್ಕೆ ಕರ್ಚಿಕಾಯಿ. ಶೀಗಿ ಹುಣ್ಣಿಮೆಗೆ ಹೊಲಕ್ಕೆ ಚರಗದ ನೈವೇದ್ಯ ಚೆಲ್ಲುವ ಹೊತ್ತಿಗೆ ಗುಡ್ಡದಲ್ಲಿ ಸೀತಾಫಲ. ಚಳಿಗೆ ರೊಟ್ಟಿ ಜೊತೆ ಹಸಿ ಹಕ್ಕರಿಕಿ ಸೊಪ್ಪು. ಸಂಕ್ರಾಂತಿಗೆ ಮಕ್ಕಳ ತಲೆಯ ಮೇಲೆ ಸುರಿಯುವ ಬಾರಿಹಣ್ಣು. ಹೋಳಿ ಮುಗಿದರೆ ಹುಣಸೆ ಚಿಗುರು. ಈ ಲೆಕ್ಕ ಅವರ ತಲೆಯಲ್ಲೇ ಇದೆ, ಕೇಳಿ ಕಲಿತುಕೊಳ್ಳಿ. ಹಕ್ಕರಿಕಿಯನ್ನು ಮಾತ್ರ ಹೆರಿಗೆ ತನಕ ಹಸಿಯಾಗಿ ತಿನ್ನಬೇಡಿ. ಮಣ್ಣಿನ ಜೊತೆ ಹುಳುವಿನ ಮೊಟ್ಟೆ ಹೊಟ್ಟೆಗೆ ಹೋಗಬಹುದು. ಬೇಯಿಸಿ ತಿನ್ನಿ. ನಿಮಗೀಗ ಬೇಕಾದ ನುಗ್ಗೆಸೊಪ್ಪು, ರಾಜಗಿರಿ, ಪುಂಡಿಪಲ್ಯ ಎಲ್ಲವೂ ಊರಲ್ಲೇ ಸಿಗುತ್ತವೆ.

ಇನ್ನು ಒಡೆದ ಕಾಯಿ. ಅದು ಕೆಟ್ಟಿದ್ದಲ್ಲ, ಬಲಿತದ್ದು. ಕರ್ಚಿಕಾಯಿಯ ಸ್ವಭಾವವೇ ಹಾಗೆ. ಬಿಡಿಸಿದ ಮರುದಿನಕ್ಕೆ ಬಿರಿಯುತ್ತದೆ, ಬೀಜ ಹೊರಗೆ ಬರುತ್ತದೆ. ತಿಂದರೆ ತೊಂದರೆ ಇಲ್ಲ, ಆದರೆ ಬೀಜ ಗಟ್ಟಿಯಾಗಿ ಹಲ್ಲಿಗೆ ಸಿಗುತ್ತದೆ. ಲೋಳೆಯಾಗಿದ್ದರೆ, ಹುಳಿ ವಾಸನೆ ಬಂದರೆ ಬಿಸಾಡಿ. ತಂದ ದಿನವೇ ಅಡುಗೆ ಮಾಡುವುದು ಒಳ್ಳೆಯದು. ಮೊದಲೇ ತೊಳೆದು ಇಡಬೇಡಿ, ನೀರು ಸೋಕಿದರೆ ಇನ್ನೂ ಬೇಗ ಒಡೆಯುತ್ತದೆ. ಒಲೆ ಹಚ್ಚುವ ಮುಂಚೆ ತೊಟ್ಟು ಮುರಿದು, ಬೇಗ ತೊಳೆದು, ಬಟ್ಟೆಯ ಮೇಲೆ ಹರಡಿ ಒರೆಸಿ.

ನೀವು ತಿನ್ನದಿದ್ದರೂ ಮನೆಯವರಿಗೆ ಮಾಡಿಕೊಡುತ್ತೀರಿ, ಅದಕ್ಕೆ ಬರೆಯುತ್ತಿದ್ದೇನೆ. ಕಾಲು ಕಿಲೋ ಕಾಯಿಗೆ ಮೂರು ಚಮಚ ಶೇಂಗಾ ಎಣ್ಣೆ. ಜೀರಿಗೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು ಒಗ್ಗರಣೆ ಹಾಕಿ ಇಡೀ ಕಾಯಿಯನ್ನೇ ಬಾಣಲೆಗೆ ಬಿಡಿ. ನೀರು ಹಾಕಬೇಡಿ, ನೀರು ಬಿದ್ದರೆ ಕಹಿ ಪಲ್ಯಕ್ಕೆಲ್ಲ ಹರಡುತ್ತದೆ. ಸಣ್ಣ ಉರಿಯಲ್ಲಿ ಕೈಯಾಡಿಸುತ್ತಾ ಕಾಯಿಯ ಗೆರೆಗಳು ಕಂದು ಬಣ್ಣಕ್ಕೆ ತಿರುಗುವ ತನಕ ಹುರಿಯಿರಿ. ಅರಿಶಿನ, ಉಪ್ಪು, ಖಾರಪುಡಿ, ಸ್ವಲ್ಪ ಗಟ್ಟಿ ಹುಣಸೆ ರಸ. ರಸ ಇಂಗಿದ ಮೇಲೆ ಕಡೆಯಲ್ಲಿ ಎರಡು ಚಮಚ ಶೇಂಗಾ ಪುಡಿ, ಒಂದು ಚಮಚ ಗುರೆಳ್ಳು ಪುಡಿ ಹಾಕಿ ಇಳಿಸಿ. ಬಿಸಿ ಸಜ್ಜೆ ರೊಟ್ಟಿಗೆ ಇದನ್ನು ಮೀರಿದ ಪಲ್ಯ ನನ್ನ ಲೆಕ್ಕದಲ್ಲಿ ಇಲ್ಲ.

ಕಾಯಿ ಜಾಸ್ತಿ ಬಂದ ವಾರ ಬಾಳಕದ ಮೆಣಸಿನಕಾಯಿ ಮಾಡುವ ಹಾಗೆ ಮಾಡಿ. ಎಳೆಯ ಕಾಯಿಯನ್ನು ಉಪ್ಪು ಹಾಕಿದ ಹುಳಿ ಮಜ್ಜಿಗೆಯಲ್ಲಿ ರಾತ್ರಿ ನೆನೆಸಿ, ಹಗಲು ಬಿಸಿಲಿಗೆ ಹರಡಿ. ಕಡಕಡ ಅನ್ನುವ ತನಕ ಒಣಗಿಸಿ ಡಬ್ಬಿಗೆ ತುಂಬಿ. ಬೇಕಾದಾಗ ಎಣ್ಣೆಯಲ್ಲಿ ಕರಿದು ಅನ್ನ ಸಾರಿನ ಜೊತೆ ಬಡಿಸಿ. ಉಪ್ಪು ಹೆಚ್ಚಿರುತ್ತದೆ, ಮಾವನವರಿಗೆ ಬಿಪಿ ಇದ್ದರೆ ಎರಡು ಮೂರು ಕಾಯಿ ಸಾಕು. ಮಗು ಹುಟ್ಟಿ, ಬಾಣಂತನ ಮುಗಿದ ಮೇಲೆ ಮುಂದಿನ ಶ್ರಾವಣಕ್ಕೆ ನೀವೂ ಪಲ್ಯ ತಿನ್ನಬಹುದು. ಎದೆಹಾಲು ಕುಡಿಸುತ್ತಿದ್ದರೆ ಮೊದಲು ಸ್ವಲ್ಪವೇ ತಿಂದು ನೋಡಿ.